ಸೊಪ್ಪೋ, ಹೂವೋ? ಗಾಂಜಾ ಚರ್ಚೆಯನ್ನು ತಕ್ಕಡಿಯಿಂದ ಶುರುಮಾಡೋಣ

ಕನ್ನಡ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಕಾಣುವ ಒಂದು ತಲೆಬರಹವಿದೆ: ‘ಗಾಂಜಾ ಸೊಪ್ಪು ವಶ, ಇಬ್ಬರ ಬಂಧನ’. ಇವತ್ತಿನ ಮಾತನ್ನು ಆ ತಲೆಬರಹದಿಂದಲೇ ಆರಂಭಿಸುತ್ತೇನೆ. ನಮ್ಮ ಕಾನೂನಿನ ಕಣ್ಣಲ್ಲಿ ಗಾಂಜಾ ಅಂದರೆ ಸೊಪ್ಪಲ್ಲ, ಹೂವು. ಬರೀ ಸೊಪ್ಪಾಗಿದ್ದರೆ ಅದು ಗಾಂಜಾನೇ ಅಲ್ಲ. ಹಾಗಾದರೆ ಆ ಇಬ್ಬರನ್ನು ಹಿಡಿದದ್ದು ಯಾವುದಕ್ಕೆ? ಚೀಲದಲ್ಲಿ ಇದ್ದದ್ದು ಏನು, ಅದರಲ್ಲಿ ಎಷ್ಟು ಪಾಲು ತೂಗಬೇಕಿತ್ತು? ಗಾಂಜಾ ಕಾನೂನುಬದ್ಧ ಆಗಬೇಕೇ ಬೇಡವೇ ಎಂದು ಟೀವಿಯಲ್ಲಿ ಗಂಟೆಗಟ್ಟಲೆ ಜಗಳ ಆಡುವವರಲ್ಲಿ ಈ ಪ್ರಶ್ನೆ ಕೇಳುವವರು ವಿರಳ. ನನ್ನ ಪ್ರಕಾರ ಇಡೀ ವಾದ ನಿಂತಿರುವುದು ಇಲ್ಲೇ: ಏನನ್ನು ಅಳೆಯುತ್ತೇವೆ, ಯಾರು ಅಳೆಯುತ್ತಾರೆ, ಯಾವ ಹೊತ್ತಿನಲ್ಲಿ ಅಳೆಯುತ್ತಾರೆ. ಇದು ತೀರ್ಮಾನವಾಗದೆ ‘ಹೌದು’ ಎಂದರೂ ಕೆಡುತ್ತದೆ, ‘ಬೇಡ’ ಎಂದರೂ ಕೆಡುತ್ತದೆ.

ಮೊದಲು ಗಿಡ. ಗಾಂಜಾ ಗಿಡದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಹೆಣ್ಣು ಗಿಡದ ತುದಿಯಲ್ಲಿ ಗೊಂಚಲಾಗಿ ಬರುವ ಹೂವಿನ ಮೇಲೆ, ಅದರ ಸುತ್ತಲಿನ ಪುಟ್ಟ ಎಲೆಗಳ ಮೇಲೆ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಅಂಟಿನ ರೋಮಗಳಿರುತ್ತವೆ. ಅಮಲು ತರುವ ಟಿಎಚ್‌ಸಿ ಬಹುಪಾಲು ಕೂತಿರುವುದು ಅಲ್ಲಿ. ದೊಡ್ಡ ಎಲೆಯಲ್ಲಿ ಅದು ಕಡಿಮೆ, ಕಾಂಡದಲ್ಲಿ ಇನ್ನೂ ಕಡಿಮೆ, ಬೀಜದ ಒಳಗೆ ಇಲ್ಲವೇ ಇಲ್ಲ ಎನ್ನುವಷ್ಟು. ಆ ಅಂಟನ್ನೇ ಉಜ್ಜಿ ತೆಗೆದರೆ ಚರಸ್. ಹೂವಿನ ಗೊಂಚಲನ್ನು ಒಣಗಿಸಿದರೆ ಗಾಂಜಾ. ಎಲೆಯನ್ನು ಅರೆದರೆ ಭಾಂಗ್. ನಮ್ಮ ಹಳೆಯ ತಲೆಮಾರಿನವರು ‘ಭಂಗಿ ಸೇದುವುದು’ ಎನ್ನುವಾಗ ಈ ಭೇದ ಮಾಡುತ್ತಿರಲಿಲ್ಲ. ಚಿಲುಮೆಗೆ ತುಂಬಿದ್ದೆಲ್ಲ ಭಂಗಿ.

ಕಾನೂನು ಭೇದ ಮಾಡುತ್ತದೆ. ಮಾದಕವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 2ನೇ ಕಲಮಿನಲ್ಲಿ ಮೂರು ವಸ್ತುಗಳನ್ನು ಹೇಳಿದೆ: ಒಂದು ಚರಸ್, ಎರಡು ಗಾಂಜಾ, ಮೂರು ಇವುಗಳ ಯಾವುದೇ ಮಿಶ್ರಣ ಅಥವಾ ಇವುಗಳಿಂದ ಮಾಡಿದ ಪಾನೀಯ. ಗಾಂಜಾ ಎಂದರೆ ಹೂವು ಅಥವಾ ಕಾಯಿ ಕಟ್ಟಿದ ತುದಿಗಳು. ತುದಿಯ ಜೊತೆಗೆ ಇಲ್ಲದ ಎಲೆ ಮತ್ತು ಬೀಜ ಈ ವ್ಯಾಖ್ಯೆಯಿಂದ ಹೊರಗೆ. ‘ತುದಿಯ ಜೊತೆಗೆ ಇಲ್ಲದ’ ಎಂಬ ಈ ಮೂರು ಪದಗಳನ್ನು ನೆನಪಿಡಿ. ವಕೀಲರ ಅನ್ನ ಬೇಯುವುದು ಈ ಒಲೆಯ ಮೇಲೆ.

ಭಾಂಗ್ ಹೀಗೆ ಕೇಂದ್ರದ ಕಾಯ್ದೆಯಿಂದ ಜಾರಿಕೊಂಡು ರಾಜ್ಯಗಳ ಅಬಕಾರಿ ಕಾನೂನಿನ ಮಡಿಲಿಗೆ ಬಿತ್ತು. ಅದಕ್ಕೇ ವಾರಾಣಸಿಯಲ್ಲಿ, ಜೈಸಲ್ಮೇರ್‌ನಲ್ಲಿ ಪರವಾನಗಿ ಪಡೆದ ಭಾಂಗ್ ಅಂಗಡಿಗಳು ಹಾಡಹಗಲೇ ನಡೆಯುತ್ತವೆ. 2022ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಬೆಂಗಳೂರಿನ ಒಂದು ಪ್ರಕರಣ ಬಂತು. 29 ಕೆ.ಜಿ. ಭಾಂಗ್, ಜೊತೆಗೆ 400 ಗ್ರಾಂ ಗಾಂಜಾ. ಭಾಂಗ್ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ, ಅದನ್ನು ಗಾಂಜಾದಿಂದಲೋ ಚರಸ್‌ನಿಂದಲೋ ಮಾಡಿದ್ದಾರೆ ಎಂದು ತೋರಿಸುವ ಪ್ರಯೋಗಾಲಯದ ವರದಿ ಇಲ್ಲ ಎಂದು ನ್ಯಾಯಾಲಯ ಜಾಮೀನು ಕೊಟ್ಟಿತು. ‘ಕರ್ನಾಟಕದಲ್ಲಿ ಭಾಂಗ್ ಫ್ರೀ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡಿದ್ದು ಇದೇ ಆದೇಶ. ಅದು ಜಾಮೀನಿನ ಆದೇಶ, ಖುಲಾಸೆಯಲ್ಲ. ಅಬಕಾರಿ ಕಾನೂನು ಅದರ ಪಾಡಿಗೆ ಅದು ಇದ್ದೇ ಇದೆ. ಪಾನ್ ಅಂಗಡಿಗಳಲ್ಲಿ ಆಯುರ್ವೇದದ ಹೆಸರು ಹಚ್ಚಿ ಮಾರುವ ಭಾಂಗ್ ಚಾಕಲೇಟುಗಳನ್ನು ರಾಜ್ಯದ ಹಲವೆಡೆ ಜಪ್ತಿ ಮಾಡಿದ್ದಾರಲ್ಲ, ಅಲ್ಲೂ ಪ್ರಶ್ನೆ ಇದೇ: ಒಳಗಿರುವುದು ಎಲೆಯೋ, ಹೂವೋ? ಅರೆದು ಉಂಡೆ ಕಟ್ಟಿದ ಮೇಲೆ ಕಣ್ಣಿಗೆ ಅದು ತಿಳಿಯುವುದಿಲ್ಲ. ಪ್ರಯೋಗಾಲಯ ಟಿಎಚ್‌ಸಿ ಇದೆ ಎಂದು ಹೇಳಬಹುದು, ಆದರೆ ಟಿಎಚ್‌ಸಿ ಎಲೆಯಲ್ಲೂ ಇದೆ, ಹೂವಿನಲ್ಲೂ ಇದೆ.

ಒಂದು ಅಡ್ಡ ಮಾತು. ಗಾಂಜಾ ಗಿಡಕ್ಕೆ ಇಂಗ್ಲಿಷಿನಲ್ಲಿರುವ ‘ಹೆಂಪ್’ ಪದವನ್ನು ನಮ್ಮಲ್ಲಿ ‘ಸೆಣಬು’ ಎಂದು ಅನುವಾದ ಮಾಡಿ ಎಡವಟ್ಟಾಗುತ್ತಿದೆ. ಗೋಣಿಚೀಲದ ಸೆಣಬು ಬೇರೆ ಗಿಡ, ಹಸಿರೆಲೆ ಗೊಬ್ಬರಕ್ಕೆ ಬಿತ್ತುವ ಅಪ್‌ಸೆಣಬು ಬೇರೆ ಗಿಡ. ಉತ್ತರ ಕರ್ನಾಟಕದಲ್ಲಿ ಪಲ್ಯ ಮಾಡಿ, ನಾರು ತೆಗೆದು ಹಗ್ಗ ಹೊಸೆಯುವ ಪುಂಡಿಗೆ ಇಂಗ್ಲಿಷಿನಲ್ಲಿ ‘ಡೆಕ್ಕನ್ ಹೆಂಪ್’ ಎನ್ನುತ್ತಾರೆ. ಅದರ ಎಲೆ ಗಾಂಜಾ ಎಲೆಯಂತೆ ಬೆರಳು ಬೆರಳಾಗಿ ಇರುವುದರಿಂದ ವೈಜ್ಞಾನಿಕ ಹೆಸರಿನಲ್ಲೂ ‘ಕ್ಯಾನಬಿನಸ್’ ಎಂದು ಸೇರಿಕೊಂಡಿತು. ಗಾಂಜಾಕ್ಕೂ ಪುಂಡಿಗೂ ನಂಟಿಲ್ಲ. ‘ಸೆಣಬು ಬೆಳೆಯಲು ಸರ್ಕಾರದ ಅನುಮತಿ’ ಎಂಬ ಸುದ್ದಿ ಓದಿದಾಗ ಯಾವ ಗಿಡ ಎಂದು ಮೊದಲು ಕೇಳಿ.

ಎಲೆಗೆ ಈ ರಿಯಾಯಿತಿ ಎಲ್ಲಿಂದ ಬಂತು? ಅದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. ಗಾಂಜಾ ಸೇದಿ ಜನ ಹುಚ್ಚರಾಗುತ್ತಿದ್ದಾರೆ, ಹುಚ್ಚಾಸ್ಪತ್ರೆಗಳು ತುಂಬುತ್ತಿವೆ ಎಂದು 1893ರಲ್ಲಿ ಬ್ರಿಟಿಷ್ ಸಂಸತ್ತಿನಲ್ಲಿ ಪ್ರಶ್ನೆ ಎದ್ದಿತು. ಸರ್ಕಾರ ಏಳು ಜನರ ಆಯೋಗ ನೇಮಿಸಿತು, ಅವರಲ್ಲಿ ಮೂವರು ಭಾರತೀಯರು. ಅವರು 1,193 ಸಾಕ್ಷಿಗಳನ್ನು ವಿಚಾರಿಸಿದರು. ಹುಚ್ಚಾಸ್ಪತ್ರೆಯ ದಾಖಲೆಗಳನ್ನು ಒಂದೊಂದಾಗಿ ತಿರುವಿ ನೋಡಿದಾಗ ಬಹಳ ಕಡೆ ಕಾರಣದ ಕಾಲಮಿನಲ್ಲಿ ‘ಗಾಂಜಾ’ ಎಂದು ವಿಚಾರಣೆಯೇ ಇಲ್ಲದೆ ತುಂಬಿದ್ದರು. 1894ರ ವರದಿಯ ಸಾರ: ಮಿತವಾಗಿ ಬಳಸುವವರಿಗೆ ಹೇಳಿಕೊಳ್ಳುವಂಥ ಹಾನಿಯಿಲ್ಲ, ಅತಿಯಾದರೆ ಹಾನಿಯಿದೆ, ಪೂರ್ತಿ ನಿಷೇಧ ಬೇಡ, ಪರವಾನಗಿ ಕೊಟ್ಟು ತೆರಿಗೆ ಹಾಕಿ. ಈ ವರದಿಯನ್ನು ಇವತ್ತಿನ ಗಾಂಜಾ ಪರ ಹೋರಾಟಗಾರರು ವೇದವಾಕ್ಯದಂತೆ ಉಲ್ಲೇಖಿಸುತ್ತಾರೆ. ಅವರು ಬಿಟ್ಟುಬಿಡುವ ಸಂಗತಿ ಒಂದಿದೆ. ಆ ಕಾಲದ ಗಾಂಜಾದ ಬಲ ಇವತ್ತಿನದಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

1961ರ ವಿಶ್ವಸಂಸ್ಥೆಯ ಒಪ್ಪಂದದಲ್ಲಿ ವೈದ್ಯಕೀಯ ಮತ್ತು ವೈಜ್ಞಾನಿಕ ಬಳಕೆ ಬಿಟ್ಟು ಉಳಿದದ್ದೆಲ್ಲ ನಿಲ್ಲಬೇಕು ಎಂದಾಯಿತು. ಹಳೆಯ ರೂಢಿ ಇರುವ ದೇಶಗಳಿಗೆ ಗಾಂಜಾ ನಿಲ್ಲಿಸಲು 25 ವರ್ಷ ವಾಯಿದೆ ಸಿಕ್ಕಿತು. ಒಪ್ಪಂದ ಜಾರಿಗೆ ಬಂದದ್ದು 1964ರ ಡಿಸೆಂಬರ್‌ನಲ್ಲಿ, ವಾಯಿದೆ ಮುಗಿಯುವುದು 1989ರಲ್ಲಿ. ನಾಲ್ಕು ವರ್ಷ ಇರುವಾಗಲೇ, 1985ರ ನವೆಂಬರ್ 14ರಂದು, ಎನ್‌ಡಿಪಿಎಸ್ ಕಾಯ್ದೆ ಜಾರಿಯಾಯಿತು. ಎಲೆಯನ್ನು ಹೊರಗಿಡುವ ವ್ಯಾಖ್ಯೆ ಆ ಒಪ್ಪಂದದಿಂದಲೇ ಬಂದದ್ದು. ಅಮೆರಿಕದ ಒತ್ತಡಕ್ಕೆ ಮಣಿದು ರಾತ್ರೋರಾತ್ರಿ ಮಾಡಿದ ಕಾನೂನು ಎನ್ನುವವರು ಈ 25 ವರ್ಷದ ಲೆಕ್ಕ ಹಾಕಿರುವುದಿಲ್ಲ. ಅದೇ ಒಪ್ಪಂದದ ಅತ್ಯಂತ ಕಠಿಣ ಪಟ್ಟಿಯಿಂದ, ಅಂದರೆ 4ನೇ ಅನುಸೂಚಿಯಿಂದ, ಗಾಂಜಾವನ್ನು ತೆಗೆಯಬೇಕೇ ಎಂದು 2020ರ ಡಿಸೆಂಬರ್‌ನಲ್ಲಿ ಮತ ಹಾಕಿದಾಗ ಪರ 27, ವಿರೋಧ 25 ಮತ ಬಿದ್ದವು. ಭಾರತ ಪರವಾಗಿ ಮತ ಹಾಕಿತು. ಮನೆಯ ಕಾನೂನು ಮಾತ್ರ ಇದ್ದಲ್ಲೇ ಇದೆ.

ಈಗ ತಕ್ಕಡಿಗೆ ಬರೋಣ. ಗಾಂಜಾಕ್ಕೆ ‘ಸಣ್ಣ ಪ್ರಮಾಣ’ ಎಂದರೆ 1 ಕೆ.ಜಿ.ವರೆಗೆ, ‘ವಾಣಿಜ್ಯ ಪ್ರಮಾಣ’ ಎಂದರೆ 20 ಕೆ.ಜಿ. ಚರಸ್‌ಗೆ ಇದು 100 ಗ್ರಾಂ ಮತ್ತು 1 ಕೆ.ಜಿ. ಸಣ್ಣ ಪ್ರಮಾಣ ಇಟ್ಟುಕೊಂಡವರಿಗೆ ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2014ಕ್ಕೆ ಮೊದಲು ಇದು ಆರು ತಿಂಗಳಿತ್ತು. ನಡುವಿನ ಪ್ರಮಾಣಕ್ಕೆ ಹತ್ತು ವರ್ಷದವರೆಗೆ. ವಾಣಿಜ್ಯ ಪ್ರಮಾಣ ಮುಟ್ಟಿತೆಂದರೆ ಕನಿಷ್ಠವೇ ಹತ್ತು ವರ್ಷ, ಗರಿಷ್ಠ ಇಪ್ಪತ್ತು, ದಂಡ ಒಂದರಿಂದ ಎರಡು ಲಕ್ಷ. ಜೊತೆಗೆ 37ನೇ ಕಲಮು ಎದುರು ನಿಲ್ಲುತ್ತದೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ, ಹೊರಬಂದರೆ ಮತ್ತೆ ಅಪರಾಧ ಮಾಡುವುದಿಲ್ಲ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗದೆ ಜಾಮೀನಿಲ್ಲ. ದೋಷಾರೋಪ ಪಟ್ಟಿ ಸಲ್ಲಿಸಲು ಪೊಲೀಸರಿಗೆ 180 ದಿನ, ಅದನ್ನು ಒಂದು ವರ್ಷದವರೆಗೆ ವಿಸ್ತರಿಸಬಹುದು. ಹೀಗಾಗಿ 19 ಕೆ.ಜಿ. 900 ಗ್ರಾಂಗೂ 20 ಕೆ.ಜಿ. 100 ಗ್ರಾಂಗೂ ನಡುವೆ ಇರುವುದು 200 ಗ್ರಾಂ ಅಲ್ಲ, ಒಬ್ಬ ಮನುಷ್ಯನ ಹತ್ತು ವರ್ಷ.

ಹೊಲದಲ್ಲಿ ಏನಾಗುತ್ತದೆ ನೋಡಿ. ಮೆಕ್ಕೆಜೋಳದ ಸಾಲಿನ ನಡುವೆ ಬೆಳೆದ ಗಿಡಗಳನ್ನು ಬೇರು ಸಹಿತ ಕಿತ್ತು, ಕಟ್ಟು ಕಟ್ಟಿ, ಊರಿನ ದಿನಸಿ ಅಂಗಡಿಯಿಂದ ತಂದ ತಕ್ಕಡಿಯಲ್ಲಿ ತೂಗುತ್ತಾರೆ. ಮಹಜರಿನಲ್ಲಿ ‘22 ಕೆ.ಜಿ. ಹಸಿ ಗಾಂಜಾ’ ಎಂದು ಬರೆಯುತ್ತಾರೆ. ಅದರಲ್ಲಿ ಬೇರಿಗೆ ಹತ್ತಿದ ಮಣ್ಣಿದೆ, ಕಾಂಡವಿದೆ, ಅಗಲ ಎಲೆಗಳಿವೆ. ಇವನ್ನೆಲ್ಲ ಬಿಡಿಸಿದರೆ ಹೂವಿನ ಗೊಂಚಲು ಆರು ಕೆ.ಜಿ. ಉಳಿಯಿತು ಎಂದುಕೊಳ್ಳಿ. ಹಸಿ ಹೂವು ಒಣಗಿದರೆ ಮುಕ್ಕಾಲು ಪಾಲಿನಷ್ಟು ತೂಕ ಇಳಿಯುತ್ತದೆ, ಒಂದೂವರೆ ಕೆ.ಜಿ. ಉಳಿದೀತು. ಒಂದೇ ಗಿಡದ ಕಟ್ಟು, ಅಳೆದ ರೀತಿಯ ಮೇಲೆ ಮೂರು ಬೇರೆ ಬೇರೆ ತೂಕ, ಎರಡು ಬೇರೆ ಬೇರೆ ಶಿಕ್ಷೆ. ಎಲೆ ಹೂವಿಗೆ ಅಂಟಿಕೊಂಡೇ ಇತ್ತಲ್ಲ, ಅದು ‘ತುದಿಯ ಜೊತೆಗೆ’ ಇದ್ದ ಎಲೆ, ಅದನ್ನೂ ತೂಗಬಹುದು ಎನ್ನುತ್ತದೆ ಸರ್ಕಾರಿ ವಾದ. ಕಾಂಡ, ಬೇರು ವ್ಯಾಖ್ಯೆಯಲ್ಲೇ ಇಲ್ಲ, ಬಿಡಿಸದೆ ತೂಗಿದ್ದು ತಪ್ಪು ಎನ್ನುತ್ತದೆ ಪ್ರತಿವಾದ. ಹಲವು ಹೈಕೋರ್ಟ್‌ಗಳು ಈ ಎರಡನೇ ಮಾತನ್ನು ಒಪ್ಪಿ ಜಾಮೀನು ಕೊಟ್ಟಿವೆ. ಆದರೆ ಹೈಕೋರ್ಟ್ ತಲುಪುವಷ್ಟು ದುಡ್ಡು, ತಾಳ್ಮೆ ಯಾರಿಗಿದೆ?

ಮಾದರಿ ತೆಗೆಯುವುದೂ ಹೀಗೇ. ಗಾಂಜಾದಿಂದ ಪ್ರತಿ ಮಾದರಿ 24 ಗ್ರಾಂ, ಅದೂ ಎರಡೆರಡು. ಒಂದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ, ಇನ್ನೊಂದು ನ್ಯಾಯಾಲಯಕ್ಕೆ. ಒಂದೇ ಬಗೆಯ ಪೊಟ್ಟಣಗಳಾದರೆ ನಲವತ್ತರವರೆಗೆ ಒಂದು ಗುಂಪು ಮಾಡಿ ಮಾದರಿ ತೆಗೆಯಬಹುದು. ಈ ಕೆಲಸ ನಡೆಯಬೇಕಾದ್ದು ಮ್ಯಾಜಿಸ್ಟ್ರೇಟರ ಎದುರು, 52ಎ ಕಲಮಿನ ಪ್ರಕಾರ. ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನು ಒತ್ತಿ ಹೇಳಿತು, 2022ರ ಡಿಸೆಂಬರ್‌ನಲ್ಲಿ ಬಂದ ನಿಯಮಗಳಲ್ಲೂ ಅದೇ ಇದೆ. ಆದರೂ ರಸ್ತೆ ಬದಿಯಲ್ಲೇ ಮೂರು ಪೊಟ್ಟಣ ಹರಿದು, ಒಂದಿಷ್ಟು ಚಿವುಟಿ, ಉಳಿದದ್ದನ್ನೆಲ್ಲ ಒಟ್ಟಿಗೆ ಸುರಿದು ಸೀಲು ಹಾಕಿದ ಪ್ರಕರಣಗಳು ಬಿದ್ದುಹೋಗುತ್ತಲೇ ಇವೆ. ನಿಜವಾದ ಸಾಗಣೆದಾರ ಈ ಸಂದಿಯಲ್ಲಿ ನುಸುಳುತ್ತಾನೆ. ಕಾನೂನು ಕಠಿಣವಾಗಿದ್ದಷ್ಟೂ ಕಳ್ಳ ಸಿಕ್ಕಿಬೀಳುತ್ತಾನೆ ಎಂಬ ನಂಬಿಕೆಯನ್ನು ಮುದ್ದೇಮಾಲಿನ ಕೋಣೆ ದಿನವೂ ಸುಳ್ಳು ಮಾಡುತ್ತಿದೆ.

ತಿಂಡಿಗೆ ಬೆರೆಸಿದರೆ ಲೆಕ್ಕ ಇನ್ನೂ ವಿಚಿತ್ರ. ಮಿಶ್ರಣದಲ್ಲಿ ಅಮಲಿಲ್ಲದ ಪದಾರ್ಥದ ತೂಕವನ್ನೂ ಸೇರಿಸಿಯೇ ಪ್ರಮಾಣ ನಿರ್ಧರಿಸಬೇಕು ಎಂದು 2020ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹತ್ತು ಗ್ರಾಂ ಗಾಂಜಾ ಹಾಕಿ ಮಾಡಿದ ಒಂದೂಕಾಲು ಕೆ.ಜಿ. ಕೇಕು ಈ ಲೆಕ್ಕದಲ್ಲಿ ಸಣ್ಣ ಪ್ರಮಾಣ ದಾಟಿಬಿಡುತ್ತದೆ. ಅದೇ ಹತ್ತು ಗ್ರಾಂ ಜೇಬಿನಲ್ಲಿದ್ದರೆ ಸಣ್ಣ ಪ್ರಮಾಣದ ನೂರನೇ ಒಂದು ಪಾಲು. ಎಲ್ಲ ಹೈಕೋರ್ಟ್‌ಗಳೂ ಇದನ್ನು ಕೇಕಿಗೆ ಒಂದೇ ರೀತಿ ಅನ್ವಯಿಸಿಲ್ಲ.

ಗಿಡ ಬೆಳೆಸುವುದಕ್ಕಂತೂ ಪ್ರಮಾಣವೇ ಇಲ್ಲ. ಬಾಲ್ಕನಿಯ ಕುಂಡದಲ್ಲಿ ಒಂದು ಗಿಡವಿದ್ದರೂ 20(ಎ) ಕಲಮು, ಹತ್ತು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ‘ಸೇದೋಕೆ ಒಂದೇ ಗಿಡ ಇಟ್ಟಿದ್ದೆ’ ಎನ್ನುವ ಹುಡುಗ, ಒಂದು ಕೆ.ಜಿ. ಕೊಂಡುತಂದವನಿಗಿಂತ ದೊಡ್ಡ ಕಲಮಿಗೆ ಸಿಕ್ಕಿಕೊಳ್ಳುತ್ತಾನೆ. ಅವನನ್ನು ಕಾನೂನೇ ವ್ಯಾಪಾರಿಯ ಬಾಗಿಲಿಗೆ ಅಟ್ಟುತ್ತಿದೆ ಎನ್ನಬೇಕಾಗುತ್ತದೆ. ಕೋರಿಗೆ, ಗುತ್ತಿಗೆಗೆ ಹೊಲ ಕೊಟ್ಟವರು ಇನ್ನೊಂದನ್ನು ಗಮನಿಸಿ. ನಿಮ್ಮ ಹೊಲದಲ್ಲಿ ಗಾಂಜಾ ಬೆಳೆದಿದೆ ಎಂದು ಗೊತ್ತಿದ್ದೂ ಪೊಲೀಸರಿಗೋ ಅಬಕಾರಿಯವರಿಗೋ ತಿಳಿಸದಿದ್ದರೆ 46ನೇ ಕಲಮಿನಲ್ಲಿ ಅದೂ ಅಪರಾಧ.

ಇದೇ ಕಾಯ್ದೆಯೊಳಗೆ ಒಂದು ಕಿಟಕಿಯೂ ಇದೆ, ಯಾರೂ ಅದನ್ನು ತೆರೆಯುವುದಿಲ್ಲ. ಅದು 64ಎ. ಸೇವನೆಯ ಆರೋಪವೋ ಸಣ್ಣ ಪ್ರಮಾಣದ ಆರೋಪವೋ ಇರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಮುಂದಾದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಚಿಕಿತ್ಸೆ ಪೂರ್ತಿ ಮಾಡಬೇಕು, ನಡುವೆ ಬಿಟ್ಟರೆ ರಕ್ಷಣೆ ಹೋಗುತ್ತದೆ. ಮಗ ಠಾಣೆಯಲ್ಲಿದ್ದಾನೆ ಎಂದು ಓಡಿಬರುವ ತಂದೆತಾಯಿಗೆ ವಕೀಲರು ಮೊದಲು ಹೇಳಬೇಕಾದದ್ದು ಇದು. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446.

ಬೇರೆ ದೇಶಗಳ ಹೆಸರು ಹೇಳಿ ವಾದಿಸುವವರು ‘ಅಲ್ಲೆಲ್ಲ ಕಾನೂನುಬದ್ಧ’ ಎಂದು ಒಂದೇ ಉಸಿರಿಗೆ ಮುಗಿಸುತ್ತಾರೆ. ಅಲ್ಲಿರುವುದು ನಾಲ್ಕಾರು ಬೇರೆ ಬೇರೆ ಏರ್ಪಾಡು. ಪೋರ್ಚುಗಲ್‌ನಲ್ಲಿ 2001ರಿಂದ ಸ್ವಂತ ಬಳಕೆಗೆ ಹತ್ತು ದಿನದಷ್ಟು, ಅಂದರೆ 25 ಗ್ರಾಂ ಗಾಂಜಾ, ಇದ್ದರೆ ಅಪರಾಧವಲ್ಲ, ಆದರೆ ಮಾರುವುದು ಅಪರಾಧವೇ. ಸಿಕ್ಕವರು ಜಿಲ್ಲಾ ಸಮಿತಿಯೊಂದರ ಮುಂದೆ ಹೋಗಬೇಕು. ನೆದರ್ಲೆಂಡ್ಸ್‌ನ ಕಾಫಿ ಶಾಪುಗಳಲ್ಲಿ 5 ಗ್ರಾಂ ಕೊಳ್ಳಬಹುದು, ಅಂಗಡಿಯವನು ಸಗಟಾಗಿ ತರುವುದು ಮಾತ್ರ ಕಾನೂನುಬಾಹಿರ. ಮುಂಬಾಗಿಲು ಸರ್ಕಾರದ್ದು, ಹಿಂಬಾಗಿಲು ಕಳ್ಳರದ್ದು. ಈ ಅಡ್ಡಗೋಡೆಯ ದೀಪವನ್ನು ಇಳಿಸಲು ಈಗ ಹತ್ತು ಊರುಗಳಲ್ಲಿ ಪರವಾನಗಿ ಪಡೆದ ಬೆಳೆಗಾರರಿಂದಲೇ ಪೂರೈಸುವ ಪ್ರಯೋಗ ನಡೆದಿದೆ. ಉರುಗ್ವೆ 2013ರಲ್ಲಿ ಕಾನೂನು ಮಾಡಿ 2017ರಲ್ಲಿ ಔಷಧ ಅಂಗಡಿಗಳಲ್ಲಿ ಮಾರಾಟ ಶುರುಮಾಡಿತು. ಹೆಸರು ನೋಂದಾಯಿಸಿದವರಿಗೆ ತಿಂಗಳಿಗೆ 40 ಗ್ರಾಂ. ಮೊದಲ ತಳಿಗಳ ಬಲ ತೀರಾ ಕಡಿಮೆ ಇಟ್ಟರು, ಟಿಎಚ್‌ಸಿ ಶೇ 2ರ ಆಸುಪಾಸು, ಸೇದುವವರು ಮೂಗು ಮುರಿದರು. ಅದಕ್ಕಿಂತ ದೊಡ್ಡ ತೊಡಕು ಬ್ಯಾಂಕಿನದು. ಅಮೆರಿಕದ ಬ್ಯಾಂಕುಗಳ ಜೊತೆ ವ್ಯವಹಾರವಿದ್ದ ಸ್ಥಳೀಯ ಬ್ಯಾಂಕುಗಳು ಆ ಅಂಗಡಿಗಳ ಖಾತೆ ಮುಚ್ಚಲು ಹೊರಟವು. ಜರ್ಮನಿಯಲ್ಲಿ 2024ರ ಏಪ್ರಿಲ್‌ನಿಂದ ಅನುಮತಿಯಿದೆ, ಆದರೆ ಅಂಗಡಿ ಇಲ್ಲ: ಹೊರಗೆ 25 ಗ್ರಾಂ, ಮನೆಯಲ್ಲಿ 50 ಗ್ರಾಂ, ಮೂರು ಗಿಡ, ಇಲ್ಲವೇ 500 ಸದಸ್ಯರವರೆಗಿನ ಬೆಳೆಗಾರರ ಕ್ಲಬ್ಬು. ಅಲ್ಲೂ 18ರಿಂದ 21 ವರ್ಷದವರಿಗೆ ಶೇ 10ಕ್ಕಿಂತ ಬಲದ್ದು ಕೊಡುವಂತಿಲ್ಲ.

ಥಾಯ್ಲೆಂಡ್ ಬಗ್ಗೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಅದರ ಬಿಸಿ ಬೆಂಗಳೂರಿಗೆ ತಟ್ಟಿದೆ. 2022ರ ಜೂನ್ 9ರಂದು ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆದರು. ಅದನ್ನು ಹೇಗೆ ಬೆಳೆಯಬೇಕು, ಯಾರಿಗೆ ಮಾರಬೇಕು ಎಂಬ ಕಾನೂನು ಮಾತ್ರ ಸಂಸತ್ತಿನಲ್ಲಿ ಪಾಸಾಗಲೇ ಇಲ್ಲ. ಗೇಟು ತೆಗೆದರು, ಕಾವಲುಗಾರನನ್ನು ನೇಮಿಸಲು ಮರೆತರು. ಬೀದಿಗೊಂದು ಅಂಗಡಿ ಎದ್ದಿತು. ಮನೆಯೊಳಗೆ ದೀಪದ ಕೆಳಗೆ, ಮಣ್ಣಿಲ್ಲದೆ ಪೋಷಕಾಂಶದ ನೀರಿನಲ್ಲಿ ಬೆಳೆದ ‘ಹೈಡ್ರೋ’ ಅಲ್ಲಿ ಅಗ್ಗವಾಯಿತು. ಬ್ಯಾಂಕಾಕ್ ವಿಮಾನದಲ್ಲಿ ಬಂದವರ ಸೂಟ್‌ಕೇಸುಗಳಿಂದ ಹೈಡ್ರೋಪೋನಿಕ್ ಗಾಂಜಾ ಹಿಡಿದ ಸುದ್ದಿ ಕೆಂಪೇಗೌಡ ನಿಲ್ದಾಣದಿಂದ ಪದೇ ಪದೇ ಬರುವುದು ಈ ಹಿನ್ನೆಲೆಯಲ್ಲಿ. 2025ರ ಜೂನ್‌ನಲ್ಲಿ ಥಾಯ್ಲೆಂಡ್ ಹೂವಿನ ಮಾರಾಟಕ್ಕೆ ವೈದ್ಯರ ಚೀಟಿ ಕಡ್ಡಾಯ ಮಾಡಿ ಹಿಂದೆ ಸರಿಯಿತು. ಆಂಧ್ರ–ಒಡಿಶಾ ಗಡಿಯಿಂದ ಬರುವ ‘ಶೀಲಾವತಿ’ ಎಂಬ ಗಾಂಜಾ ತಳಿಗೂ ಈ ಹೈಡ್ರೋಗೂ ನಮ್ಮ ಕಾಯ್ದೆಯಲ್ಲಿ ಒಂದೇ ತೂಕದ ಪಟ್ಟಿ. ಬಲ ಎಷ್ಟೇ ಇರಲಿ, ಗ್ರಾಂ ಮಾತ್ರ ಲೆಕ್ಕ. ಎಳನೀರನ್ನೂ ಸಾರಾಯಿಯನ್ನೂ ಲೀಟರಿನಲ್ಲೇ ಅಳೆದು ಶಿಕ್ಷೆ ಹಾಕಿದಂತೆ.

ಬಲದ ಮಾತು ಬಂದಿತಲ್ಲ. ಅಮೆರಿಕದಲ್ಲಿ ಪೊಲೀಸರು ವಶಪಡಿಸಿಕೊಂಡ ಗಾಂಜಾದ ಮಾದರಿಗಳಲ್ಲಿ ಟಿಎಚ್‌ಸಿ 1995ರಲ್ಲಿ ಸರಾಸರಿ ಶೇ 4ರಷ್ಟಿತ್ತು, 2014ಕ್ಕೆ ಶೇ 12ರಷ್ಟಾಯಿತು. 1894ರ ಆಯೋಗವನ್ನು ಉಲ್ಲೇಖಿಸುವವರು ಮುಚ್ಚಿಡುವುದು ಇದನ್ನೇ. ದಿನವೂ ಹೆಚ್ಚು ಬಲದ ಗಾಂಜಾ ಸೇದುವವರಲ್ಲಿ ಮನೋವಿಕ್ಷಿಪ್ತತೆಯ ಸಂಭವ ಎಂದೂ ಸೇದದವರಿಗಿಂತ ಸುಮಾರು ಐದು ಪಟ್ಟು ಎಂದು 2019ರಲ್ಲಿ ಯುರೋಪಿನ ಹಲವು ಊರುಗಳ ರೋಗಿಗಳನ್ನು ಹೋಲಿಸಿದ ಅಧ್ಯಯನ ಕಂಡುಕೊಂಡಿತು. ಅದೊಂದರಿಂದಲೇ ಕಾಯಿಲೆ ಬರುತ್ತದೆ ಎಂದು ಆ ಅಂಕಿ ಹೇಳುವುದಿಲ್ಲ, ಆದರೆ ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾ ಇದ್ದರೆ ದೂರವಿರಿ ಎಂದು ಹೇಳಲು ಅಷ್ಟು ಸಾಕು. ಬಳಸಿದವರಲ್ಲಿ ಸುಮಾರು ಶೇ 9ರಷ್ಟು ಜನ ಅವಲಂಬಿತರಾಗುತ್ತಾರೆ, ಹದಿಹರೆಯದಲ್ಲಿ ಶುರುಮಾಡಿದವರಲ್ಲಿ ಇದು ಶೇ 17ರ ಹತ್ತಿರ. ವಿರೋಧಿಗಳೂ ಒಂದು ಅಂಕಿ ನೋಡಬೇಕು. 2019ರ ಏಮ್ಸ್ ಸಮೀಕ್ಷೆಯ ಪ್ರಕಾರ ಹಿಂದಿನ ಒಂದು ವರ್ಷದಲ್ಲಿ ಗಾಂಜಾ, ಚರಸ್, ಭಾಂಗ್ ಯಾವುದನ್ನಾದರೂ ಬಳಸಿದವರು ಶೇ 2.8, ಅಂದರೆ 3.1 ಕೋಟಿ. ಅದರಲ್ಲಿ ದೊಡ್ಡ ಪಾಲು ಭಾಂಗ್‌ನದು. ಮದ್ಯ ಕುಡಿದವರು ಶೇ 14.6. ‘ಸಮಾಜ ಹಾಳಾಗುತ್ತಿದೆ’ ಎಂದು ಮೈಕು ಹಿಡಿಯುವವರು ಯಾವ ಬಾಟಲಿಯ ತೆರಿಗೆಯಿಂದ ಸರ್ಕಾರದ ಸಂಬಳ ಆಗುತ್ತಿದೆ ಎಂದೂ ಹೇಳಲಿ.

ತಿನ್ನುವ ಗಾಂಜಾ ಬೇರೆಯದೇ ಪ್ರಾಣಿ. ಸೇದಿದರೆ ಕೆಲವೇ ನಿಮಿಷದಲ್ಲಿ ಗೊತ್ತಾಗುತ್ತದೆ, ಸಾಕು ಎನಿಸಿದಾಗ ನಿಲ್ಲಿಸಬಹುದು. ತಿಂದರೆ ಅರ್ಧ ಗಂಟೆಯಿಂದ ಎರಡು ಗಂಟೆವರೆಗೆ ಏನೂ ಆಗುವುದಿಲ್ಲ, ಆಮೇಲೆ ಯಕೃತ್ತಿನಲ್ಲಿ ರೂಪ ಬದಲಿಸಿಕೊಂಡ ಟಿಎಚ್‌ಸಿ ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಆರೆಂಟು ಗಂಟೆ ಬಿಡುವುದಿಲ್ಲ. ‘ಏನೂ ಆಗ್ಲಿಲ್ಲ, ಇನ್ನೊಂದು ತಿನ್ನೋಣ’ ಎಂದವರೇ ಆಸ್ಪತ್ರೆಗೆ ಬರುವವರು. 2014ರಲ್ಲಿ ಮಾರಾಟ ಶುರುಮಾಡಿದ ಕೊಲೊರಾಡೊ ಈ ಪಾಠ ಕಲಿತು ಒಂದು ತುಂಡಿಗೆ 10 ಮಿ.ಗ್ರಾಂ, ಒಂದು ಪೊಟ್ಟಣಕ್ಕೆ 100 ಮಿ.ಗ್ರಾಂ ಎಂಬ ಮಿತಿ ಇಟ್ಟಿತು. ಕೆನಡಾ ಇನ್ನೂ ಬಿಗಿ: ಇಡೀ ಪೊಟ್ಟಣಕ್ಕೇ 10 ಮಿ.ಗ್ರಾಂ. ಶಿವರಾತ್ರಿಗೋ ಹೋಳಿಗೋ ಠಂಡಾಯಿಯಲ್ಲಿ ಕದಡುವ ಭಾಂಗ್ ಗೋಲಿಯಲ್ಲಿ ಎಷ್ಟು ಮಿ.ಗ್ರಾಂ ಇದೆ? ಗೋಲಿ ಕಟ್ಟಿದವನಿಗೂ ಗೊತ್ತಿಲ್ಲ. ಕಾನೂನಿನ ಒಳಗಿರುವ ವಸ್ತುವಿಗೇ ಅಳತೆಯಿಲ್ಲ.

ಔಷಧದ ವಿಷಯದಲ್ಲೂ ಅಳತೆಯದೇ ತಕರಾರು. ಗಿಡದಿಂದ ಶುದ್ಧೀಕರಿಸಿದ, ಅಮಲು ತರದ ಸಿಬಿಡಿ ಎಂಬ ಅಂಶದ ದ್ರಾವಣಕ್ಕೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು, ಮಕ್ಕಳ ಎರಡು ಬಗೆಯ ಕಠಿಣ ಮೂರ್ಛೆರೋಗಕ್ಕೆ. ಅದರಲ್ಲೂ ಮೂರ್ಛೆಗೇ ಕೊಡುವ ಕ್ಲೋಬಜಾಮ್ ತೆಗೆದುಕೊಳ್ಳುವ ಮಗುವಿಗೆ ಮಂಪರು ಹೆಚ್ಚುತ್ತದೆ, ಮೂರ್ಛೆಯ ಇನ್ನೊಂದು ಔಷಧ ವಾಲ್‌ಪ್ರೋಯೇಟ್ ಜೊತೆಗಾದರೆ ಯಕೃತ್ತಿನ ಪರೀಕ್ಷೆ ಮಾಡಿಸುತ್ತಿರಬೇಕು. ನಮ್ಮಲ್ಲಿ ಭಾಂಗ್‌ಗೆ ಆಯುರ್ವೇದದ ಹೆಸರು ವಿಜಯಾ. ಔಷಧ ನಿಯಮಗಳ ವಿಷದ್ರವ್ಯಗಳ ಪಟ್ಟಿಯಲ್ಲಿ ಅದಿದೆ, ಬೀಜಕ್ಕೆ ಮಾತ್ರ ವಿನಾಯಿತಿ. ಹೀಗಾಗಿ ವೈದ್ಯರ ನಿಗಾ ಬೇಕೆಂಬ ಎಚ್ಚರಿಕೆ ಲೇಬಲ್ ಮೇಲೆ ಇರಲೇಬೇಕು. ಆನ್‌ಲೈನಿನಲ್ಲಿ ಸಿಗುವ ಎಣ್ಣೆಯ ಬಾಟಲಿಯ ಮೇಲೆ ‘ವಿಜಯಾ ಸಾರ 1,000 ಮಿ.ಗ್ರಾಂ’ ಎಂದಿದ್ದರೆ ಅದು ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಎಂದು ಹೇಳಿದಂತಲ್ಲ. ಒಂದು ಮಿ.ಲೀ.ಗೆ ಪ್ರತಿಯೊಂದೂ ಎಷ್ಟು ಮಿ.ಗ್ರಾಂ ಎಂಬ ಪ್ರಯೋಗಾಲಯದ ವರದಿ ಕೇಳಿ. ವರದಿ ಇಲ್ಲವೆಂದರೆ ಹನಿ ಎಣಿಸುವುದರಲ್ಲಿ ಅರ್ಥವಿಲ್ಲ.

ರೈತರಿಗೆ ಬಂಗಾರದ ಬೆಳೆ ಎಂಬ ಮಾತೂ ಕೇಳಿಬರುತ್ತಿದೆ. ಎನ್‌ಡಿಪಿಎಸ್ ಕಾಯ್ದೆಯ 14ನೇ ಕಲಮಿನ ಪ್ರಕಾರ ನಾರಿಗಾಗಿ, ಬೀಜಕ್ಕಾಗಿ ಬೆಳೆಯಲು ಸರ್ಕಾರ ಅನುಮತಿ ಕೊಡಬಹುದು. ಉತ್ತರಾಖಂಡ ಪರವಾನಗಿ ಕೊಡಲು ಶುರುಮಾಡಿದೆ, ಹಿಮಾಚಲದ ವಿಧಾನಸಭೆ 2024ರಲ್ಲಿ ನಿರ್ಣಯ ಅಂಗೀಕರಿಸಿ ಕೃಷಿ ವಿಶ್ವವಿದ್ಯಾಲಯಗಳ ಮೂಲಕ ಪ್ರಾಯೋಗಿಕ ಅಧ್ಯಯನಕ್ಕೆ ಹೊರಟಿದೆ. ಷರತ್ತು ಟಿಎಚ್‌ಸಿ ಶೇ 0.3 ಮೀರಬಾರದು. ಈ 0.3 ಎಲ್ಲಿಯದು ಗೊತ್ತೇ? 1976ರಲ್ಲಿ ಅರ್ನೆಸ್ಟ್ ಸ್ಮಾಲ್ ಎಂಬ ಕೆನಡಾದ ಸಸ್ಯವಿಜ್ಞಾನಿ, ಸಹೋದ್ಯೋಗಿಯ ಜೊತೆ ಗಿಡಗಳನ್ನು ವರ್ಗೀಕರಿಸಲು ಎಳೆದ ಗೆರೆ. ಅದು ಅನುಕೂಲಕ್ಕೆ ಎಳೆದ ಗೆರೆಯೆಂದು ಅವರೇ ಬರೆದಿದ್ದರು. ಇವತ್ತು ಎಷ್ಟೋ ದೇಶಗಳಲ್ಲಿ ಆ ಗೆರೆಯೇ ಕಾನೂನು. ಹೂವು ಬಲಿತಷ್ಟೂ ಟಿಎಚ್‌ಸಿ ಏರುತ್ತದೆ, ಆದ್ದರಿಂದ ಹತ್ತು ದಿನ ತಡವಾಗಿ ಮಾದರಿ ತೆಗೆದರೆ ಪಾಸಾಗಬೇಕಿದ್ದ ಬೆಳೆ ಫೇಲಾಗಬಹುದು. ಪಕ್ಕದ ಗುಡ್ಡದ ಕಾಡು ಗಾಂಜಾದ ಪರಾಗ ಗಾಳಿಯಲ್ಲಿ ಬಂದು ಬಿತ್ತನೆ ಬೀಜವನ್ನೇ ಕೆಡಿಸುತ್ತದೆ, ಆ ಕೆಡುಕು ಗೊತ್ತಾಗುವುದು ಮುಂದಿನ ವರ್ಷದ ಬೆಳೆಯಲ್ಲಿ. ಮಿತಿ ಮೀರಿದರೆ ಬೆಳೆ ನಾಶ. ವಿಮೆ ಯಾರು ಕೊಡುತ್ತಾರೆ? ನಾರಿನ ಬೆಳೆಗೆ ಕೆರೆಯಲ್ಲಿ ಕೊಳೆಹಾಕಲು ನೀರು ಬೇಕು, ಸಿಪ್ಪೆ ಬಿಡಿಸುವ ಯಂತ್ರ ಹತ್ತಿರದಲ್ಲಿ ಬೇಕು. ಪುಂಡಿ ನಾರು ತೆಗೆದ ಕೈಗಳಿಗೆ ಇದರ ಕಷ್ಟ ಹೇಳಬೇಕಿಲ್ಲ. ಸದ್ಯಕ್ಕೆ ದಾರಿ ಸಲೀಸಾಗಿರುವುದು ಬೀಜಕ್ಕೆ: 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಬೀಜ, ಬೀಜದ ಹಿಟ್ಟು, ಬೀಜದ ಎಣ್ಣೆಯನ್ನು ಆಹಾರವೆಂದು ಒಪ್ಪಿತು. ಕುಮಾಂವ್ ಬೆಟ್ಟಗಳಲ್ಲಿ ಈ ಬೀಜವನ್ನು ಹುರಿದು ಚಟ್ನಿ ಅರೆಯುವುದು ಮೊದಲಿನಿಂದಲೂ ಇದೆ.

‘ಕರ್ನಾಟಕ ಸರ್ಕಾರ ಮನಸ್ಸು ಮಾಡಿದರೆ ಗಾಂಜಾ ಬಿಡಬಹುದಲ್ಲ’ ಎನ್ನುವವರಿಗೆ ಒಂದು ಮಾತು. ಆಗುವುದಿಲ್ಲ. 10ನೇ ಕಲಮು ರಾಜ್ಯಕ್ಕೆ ನಿಯಮ ಮಾಡುವ ಅಧಿಕಾರ ಕೊಡುತ್ತದೆ ನಿಜ, ಆದರೆ ವೈದ್ಯಕೀಯ, ವೈಜ್ಞಾನಿಕ ಉದ್ದೇಶ ಬಿಟ್ಟು ಹೂವನ್ನು ಮುಟ್ಟಬಾರದು ಎಂದು 8ನೇ ಕಲಮು ಕಟ್ಟಿಹಾಕಿದೆ. ಮೋಜಿನ ಬಳಕೆಗೆ ಸಂಸತ್ತೇ ತಿದ್ದುಪಡಿ ಮಾಡಬೇಕು. ಪಟಿಯಾಲಾದ ಸಂಸದರಾಗಿದ್ದ ಧರಮ್‌ವೀರ ಗಾಂಧಿ ಖಾಸಗಿ ಮಸೂದೆಯೊಂದನ್ನು ಸಿದ್ಧಪಡಿಸಿದ್ದರು, ಅದು ಕಾನೂನಾಗಲಿಲ್ಲ. ನನ್ನನ್ನು ಕೇಳಿದರೆ ಮೊದಲ ತಿದ್ದುಪಡಿ ಅಂಗಡಿ ತೆರೆಯುವುದಕ್ಕಲ್ಲ. ಕುಂಡದ ಒಂದು ಗಿಡಕ್ಕೂ ಎಕರೆ ಗಿಡಕ್ಕೂ ಒಂದೇ ಕಲಮು ಎಂಬುದನ್ನು ಒಡೆಯಬೇಕು, ಹೂವನ್ನು ಬಿಡಿಸಿ ಒಣಗಿಸಿ ತೂಗಬೇಕೆಂದು ನಿಯಮದಲ್ಲೇ ಬರೆಯಬೇಕು, ತೂಕದ ಜೊತೆ ಬಲವನ್ನೂ ಎಣಿಸಬೇಕು. ಇದಕ್ಕೆ ಗಾಂಜಾದ ಪರ ಇರಬೇಕಾದ್ದೂ ಇಲ್ಲ, ವಿರೋಧ ಇರಬೇಕಾದ್ದೂ ಇಲ್ಲ.

ಕೊನೆಗೆ ರಸ್ತೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಲ್ಲಿ ಮದ್ಯಕ್ಕೆ ಸಂಖ್ಯೆಯಿದೆ: 100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ ಮೀರಬಾರದು. ಊದಿಸುವ ಯಂತ್ರ ಅರೆ ನಿಮಿಷದಲ್ಲಿ ಹೇಳಿಬಿಡುತ್ತದೆ. ಮಾದಕವಸ್ತುವಿಗೆ ಅದೇ ಕಲಮಿನಲ್ಲಿ ಇರುವುದು ‘ವಾಹನವನ್ನು ಹತೋಟಿಯಲ್ಲಿ ಇಡಲಾಗದಷ್ಟು’ ಎಂಬ ಮಾತು ಮಾತ್ರ, ಸಂಖ್ಯೆ ಇಲ್ಲ. ಮೂತ್ರ ಪರೀಕ್ಷೆ ಮಾಡಿದರೆ ನಿತ್ಯ ಸೇದುವವನಲ್ಲಿ ವಾರಗಳ ಹಿಂದಿನದೂ ಸಿಗುತ್ತದೆ, ಈಗ ಅಮಲಿದೆಯೇ ಎಂದು ಅದು ಹೇಳುವುದಿಲ್ಲ. ಜರ್ಮನಿ 2024ರಲ್ಲಿ ರಕ್ತದ ಸೀರಂನಲ್ಲಿ ಮಿ.ಲೀ.ಗೆ 3.5 ನ್ಯಾನೋಗ್ರಾಂ ಟಿಎಚ್‌ಸಿ ಎಂದು ಗೆರೆ ಎಳೆಯಿತು, ಹೊಸ ಚಾಲಕರಲ್ಲಿ ಅಷ್ಟೂ ಇರುವಂತಿಲ್ಲ. ಅಲ್ಲಿ ಮೊದಲು ಜೊಲ್ಲಿನ ಪರೀಕ್ಷೆ, ಅನುಮಾನ ಬಂದರೆ ರಕ್ತ. ರಕ್ತದಲ್ಲಿ ಟಿಎಚ್‌ಸಿ ಸೇದಿದ ಒಂದೆರಡು ಗಂಟೆಯಲ್ಲೇ ಸರ್ರನೆ ಇಳಿದುಬಿಡುತ್ತದೆ, ಆದ್ದರಿಂದ ಹಿಡಿದ ಜಾಗದಿಂದ ರಕ್ತ ತೆಗೆಯುವ ಜಾಗಕ್ಕೆ ಎಷ್ಟು ಹೊತ್ತಿನಲ್ಲಿ ತಲುಪುತ್ತೀರಿ ಎಂಬುದೇ ಪ್ರಕರಣದ ಹಣೆಬರಹ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಶನಿವಾರ ರಾತ್ರಿ ಹನ್ನೊಂದಕ್ಕೆ ಹಿಡಿದ ಸವಾರನನ್ನು ರಕ್ತ ತೆಗೆಯುವ ಅಧಿಕಾರವಿರುವ ವೈದ್ಯರ ಮುಂದೆ ಹನ್ನೆರಡರೊಳಗೆ ಕೂರಿಸಬೇಕೆಂದರೆ ಎಷ್ಟು ಜೊಲ್ಲಿನ ಕಿಟ್ ಬೇಕು, ಎಷ್ಟು ವಾಹನ ಬೇಕು, ಮಾದರಿಯನ್ನು ತಂಪಿನಲ್ಲಿಟ್ಟು ಕಳಿಸಲು ಯಾವ ಪ್ರಯೋಗಾಲಯ ತೆರೆದಿರಬೇಕು ಎಂಬ ಪಟ್ಟಿ ಮಾಡಿ ನೋಡಿ. ಗಾಂಜಾ ನಿಷೇಧವಾಗಿರುವ ಇವತ್ತೂ ಆ ಪಟ್ಟಿ ಬೇಕು.